ಕಟ್ಟೆ ಬಿಟ್ಟು ಗೋಪುರ: ಕಲ್ಯಾಣದ ಸಭಾಸ್ಥಳಗಳ ಕುರಿತು

ಬಸವಕಲ್ಯಾಣದ ಕೋಟೆ ದೂರದಿಂದ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬಂಡೆಗಳ ಏರಿಳಿತಕ್ಕೆ ಹೊಂದಿಕೊಂಡು ಗೋಡೆ ಎದ್ದಿದೆ. ಒಂದು ಅಗಸಿ ದಾಟಿದರೆ ತಿರುವು, ತಿರುವಿನಾಚೆ ಮತ್ತೊಂದು ಅಗಸಿ. ಚಾಲುಕ್ಯರ ನೆಲೆಯನ್ನು ಬಹಮನಿಗಳೂ ಆಮೇಲೆ ಬಂದವರೂ ತೋಪಿನ ಕಾಲಕ್ಕೆ ತಕ್ಕಂತೆ ತಿದ್ದಿಕೊಂಡರು. ಹಾಗಾಗಿ ಇಲ್ಲಿನ ಅಂಗಳಗಳು ಜನ ಸೇರಲೆಂದು ಬಿಟ್ಟವಲ್ಲ, ಬಂದವನನ್ನು ತಡೆದು ನೋಡಲು ಬಿಟ್ಟವು.

ಮಾನ್ಯಖೇಟದಿಂದ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಇಲ್ಲಿಗೆ ತಂದದ್ದು 11ನೆಯ ಶತಮಾನದಲ್ಲಿ. ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ (1076–1126) ಇಂಥ ನಗರ ಭೂಮಿಯ ಮೇಲೆ ಇನ್ನೊಂದಿಲ್ಲವೆಂದು ಮಿತಾಕ್ಷರದ ವಿಜ್ಞಾನೇಶ್ವರ ಹೊಗಳಿದ. ಆ ವೈಭವದ ಉಳಿಕೆ ಹುಡುಕಬೇಕಾದದ್ದು ಊರೊಳಗಲ್ಲ, ಹತ್ತಿರದ ನಾರಾಯಣಪುರದಲ್ಲಿ, ಹುಮನಾಬಾದ್ ಬದಿಯ ಜಲಸಂಗಿಯಲ್ಲಿ. ಜಲಸಂಗಿಯ ಗೋಡೆಯ ಮೇಲೆ ಶಾಸನ ಬರೆಯುತ್ತ ನಿಂತ ಸುಂದರಿಯ ಬಳುಕನ್ನು ನೋಡಿದವರು ಮರೆಯುವುದಿಲ್ಲ. ಆದರೆ ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಸ್ತುತಿ! ಕಡೆದ ಕಂಬ, ಮಬ್ಬು ನವರಂಗ, ಗರ್ಭಗುಡಿ ಎಂದು ಒಳಗೊಳಗೆ ಸರಿಯುವ ಈ ಶೈಲಿ ಸೂಕ್ಷ್ಮದಲ್ಲಿ ಅಸಾಧಾರಣ. ಎಲ್ಲರನ್ನೂ ಒಂದೇ ನೆಲದ ಮೇಲೆ ಕೂರಿಸುವ ಉದ್ದೇಶ ಅದಕ್ಕಿರಲಿಲ್ಲ.

ಬಿಜ್ಜಳನ ಕಾಲದ ಶರಣರು ಬೇರೆಯದನ್ನೇ ಕೇಳಿದರು. ಕಲ್ಲಿನ ಗುಡಿಯ ಬದಲು ದೇಹವನ್ನೇ ದೇಗುಲವೆಂದರು. ಬಸವಣ್ಣ ಕುಳಿತಿದ್ದನೆಂದು ಊರವರು ತೋರಿಸುವ ಪರುಷಕಟ್ಟೆ ಆ ಕೇಳಿಕೆಗೆ ಒಪ್ಪುವ ರೂಪ. ಕಟ್ಟೆಗೆ ಬಾಗಿಲಿಲ್ಲ, ಬಾಗಿಲು ಕಾಯುವವನೂ ಬೇಕಿಲ್ಲ. ಶರಣರು ಕೂಡಿ ಚರ್ಚಿಸುತ್ತಿದ್ದರೆನ್ನುವ 12ನೆಯ ಶತಮಾನದ ಅನುಭವ ಮಂಟಪದ್ದೆಂದು ವಿದ್ವಾಂಸರೆಲ್ಲ ಒಪ್ಪುವ ಕಟ್ಟಡ ಯಾವುದೂ ಇಲ್ಲ. ಅದರ ವಿಸ್ತಾರವಾದ ಚಿತ್ರ ನಮಗೆ ಬಂದದ್ದು 15ನೆಯ ಶತಮಾನದ ಶೂನ್ಯಸಂಪಾದನೆಗಳಿಂದ. ಇದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಮಾತಿನಲ್ಲೇ ನಿಂತ ಮಂಟಪ ಅದು.

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಆಗ ಪ್ರಕಟವಾದ ಯೋಜನೆಯಂತೆ 500 ಕೋಟಿ ರೂಪಾಯಿ, ಏಳೂವರೆ ಎಕರೆ, ಆರು ಅಂತಸ್ತು, 182 ಅಡಿ ಎತ್ತರ, 770 ಅಮರಗಣಂಗಳ, ಅಂದರೆ ಶರಣರ, ನೆನಪಿಗೆ 770 ಕಂಬ. ಶೈಲಿ ಕಲ್ಯಾಣ ಚಾಲುಕ್ಯರದು. ಎಡವಿದ್ದು ಇಲ್ಲೇ. ಸ್ಥಾವರವನ್ನು ಪ್ರಶ್ನಿಸಿದವರ ಸ್ಮಾರಕಕ್ಕೆ ಅರಮನೆ ಸಾಕಿದ ಶೈಲಿಯೇ ಬೇಕಿತ್ತೇ?

ಹಳೆಯದಕ್ಕೆ ಹೊಸ ರೂಪ ಕೊಡಬಾರದೆಂದಲ್ಲ. ರೋಮಿನ ಕ್ಯಾಪಿಟೋಲಿನ್ ಗುಡ್ಡದ ಮೇಲಿನ ಚೌಕವನ್ನು ಮೈಕೆಲಾಂಜೆಲೊ 16ನೆಯ ಶತಮಾನದಲ್ಲಿ ಮತ್ತೆ ರೂಪಿಸಿದ. ಅವನು ಬಯಸಿದ ನೆಲಹಾಸು ಪೂರ್ತಿಯಾದದ್ದು 1940ರಲ್ಲಿ. ಆದರೆ ಅವನು ಕಟ್ಟಡಗಳನ್ನು ಅಂಚಿನಲ್ಲಿರಿಸಿ ನಡುವಿನ ಬಯಲನ್ನೇ ಮುಖ್ಯ ಮಾಡಿದ. ನಮ್ಮಲ್ಲಿ ನಡುವೆಯೇ ಗೋಪುರ ಏಳುತ್ತದೆ.

ಮಾದರಿಗೆ ಅಷ್ಟು ದೂರ ಹೋಗುವುದೂ ಬೇಡ. ಹುಮನಾಬಾದಿನಲ್ಲಿ 1725ರ ವೀರಭದ್ರೇಶ್ವರ ಗುಡಿಯ ಸುತ್ತಲ ಬಯಲು ಜಾತ್ರೆಯ ದಿನಗಳಲ್ಲಿ ಊರಿಗೆ ಊರನ್ನೇ ಹಿಡಿಸಿಕೊಳ್ಳುತ್ತದೆ. ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817–1865) ಸಕಲಮತ ಪರಂಪರೆಯ ದರ್ಬಾರು ಹಿಂದೂ–ಮುಸ್ಲಿಂ ಭಕ್ತರನ್ನು ಸಂಗೀತಕ್ಕಾಗಿ ಒಟ್ಟಿಗೆ ಕೂರಿಸಿದೆ. ಅದಕ್ಕೆ ಆರು ಅಂತಸ್ತು ಬೇಕಾಗಿಲ್ಲ.

ನೂತನ ಮಂಟಪದ ಹೊಣೆ ಹೊತ್ತವರಲ್ಲಿ ಕೇಳುವುದು ಇಷ್ಟೇ: ಗೋಪುರ ಏಳಲಿ, ಆದರೆ ಅದರ ಮುಂದೆ ಟಿಕೆಟ್ಟಿಲ್ಲದ, ಗಣ್ಯರ ಕುರ್ಚಿಯಿಲ್ಲದ, ಯಾರು ಬೇಕಾದರೂ ಹತ್ತಿ ಪ್ರಶ್ನೆ ಕೇಳಬಹುದಾದ ಒಂದು ವಿಶಾಲ ಕಟ್ಟೆಯನ್ನೂ ಕಟ್ಟಿ.