ಬಿಟ್ಟು ಹಾಡುವ ಚರಣ

ಕಳೆದ ತಿಂಗಳು ಮುಲುಂಡಿನ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಒಂದು ಸಂತಾಪ ಸಭೆ ನಡೆಯಿತು. ತೀರಿಕೊಂಡವರು ಇಲ್ಲಿನ ಮಕ್ಕಳಿಗೆ ವರ್ಷಗಟ್ಟಲೆ ಭಾನುವಾರ ಬೆಳಿಗ್ಗೆ ಕನ್ನಡ ಅಕ್ಷರ ಕಲಿಸಿದ ಒಬ್ಬ ಮೇಷ್ಟ್ರು. ಟ್ಯೂಬ್‌ಲೈಟುಗಳನ್ನು ಆರಿಸಿ, ಫೋಟೋದ ಮುಂದೆ ಸಾಲಾಗಿ ಮೇಣದಬತ್ತಿ ಹಚ್ಚಿದರು. ಯಾರೋ ಮೊಬೈಲಿನಲ್ಲಿ ಶ್ರುತಿ ಹಾಕಿದರು. ಇಬ್ಬರು ಹೆಂಗಸರು ಬಿ.ಎಂ.ಶ್ರೀಯವರ 'ಕರುಣಾಳು ಬಾ ಬೆಳಕೆ' ಹಾಡಿದರು. ಚೆನ್ನಾಗಿಯೇ ಹಾಡಿದರು. ಪಕ್ಕದಲ್ಲಿದ್ದವರು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಮೊದಲ ಚರಣ ಮುಗಿಯಿತು. ಹಾಡು ನೇರವಾಗಿ ಮೂರನೆಯದಕ್ಕೆ ಹಾರಿತು. ನಡುವಿನದು ಇಲ್ಲ. ನಾನು ಹೋದ ಸಭೆಗಳಲ್ಲಿ ಹೀಗಾಗಿದ್ದು ಇದೇ ಮೊದಲೇನಲ್ಲ. ಆದರೆ ಈ ಸಲ ಆ ಖಾಲಿ ಜಾಗ ಮನೆಗೆ ಬಂದ ಮೇಲೂ ಬಿಡಲಿಲ್ಲ.

ಈ ಹಾಡಿಗೆ ನಾವು ಹಚ್ಚಿರುವ ಕೆಲಸಗಳು ನಿಮಗೂ ಗೊತ್ತು. ಶಾಲೆಯ ಪ್ರಾರ್ಥನೆ, ನಿವೃತ್ತರಾಗುವವರ ಬೀಳ್ಕೊಡುಗೆ, ಸಂತಾಪ. ಯೂಟ್ಯೂಬಿನಲ್ಲಿ ಹುಡುಕಿದರೆ ಉರಿಯುವ ದೀಪದ ಚಿತ್ರವೋ ಮೇಣದಬತ್ತಿಯದೋ ಎದುರಾಗುತ್ತದೆ. ದಣಿದು ಬಂದ ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದರೆ ಒಳಗೆ ಏನೋ ತಿಳಿಯಾದಂತೆ ಅನ್ನಿಸುತ್ತದೆ. ಆ ತಿಳಿಯನ್ನು ಲೇವಡಿ ಮಾಡುವ ಉದ್ದೇಶ ನನಗಿಲ್ಲ, ನಾನೇ ಎಷ್ಟೋ ಸಲ ಅದನ್ನು ಉಂಡಿದ್ದೇನೆ. ಆದರೆ ಕವಿತೆಯನ್ನು ಕೈಗೆತ್ತಿಕೊಂಡು ಓದಿದರೆ ಅಲ್ಲಿ ಮೇಣದಬತ್ತಿ ಇಲ್ಲ, ಹಣತೆ ಇಲ್ಲ, ಎಣ್ಣೆ ಬತ್ತಿಯ ಸುದ್ದಿಯೇ ಇಲ್ಲ. ಅಲ್ಲಿರುವುದು ಕತ್ತಲೆ. ಬೆಳಕನ್ನು ಕರೆಯುತ್ತಿದ್ದಾರೆ, ಅದು ಇನ್ನೂ ಬಂದಿಲ್ಲ.

ಮೂಲ ಬರೆದಾಗ ಜಾನ್ ಹೆನ್ರಿ ನ್ಯೂಮನ್‌ಗೆ 32 ವರ್ಷ. ಆಕ್ಸ್‌ಫರ್ಡಿನ ಪಾದ್ರಿ, ವಿದ್ವಾಂಸ. 1833ರಲ್ಲಿ ಸಿಸಿಲಿಯಲ್ಲಿ ಒಂಟಿಯಾಗಿ ತಿರುಗುತ್ತಿದ್ದಾಗ ಜ್ವರ ಹತ್ತಿ ಸಾವಿನ ಹತ್ತಿರ ಹೋಗಿ ಬಂದ. ತಾನು ಬೆಳಕಿಗೆ ದ್ರೋಹ ಮಾಡಿಲ್ಲ, ಹಾಗಾಗಿ ಸಾಯುವುದಿಲ್ಲ ಎಂದು ಸೇವಕನಿಗೆ ಹೇಳಿದನಂತೆ. ಚೇತರಿಸಿಕೊಂಡು, ಪಲೆರ್ಮೊದಲ್ಲಿ ವಾರಗಟ್ಟಲೆ ಹಡಗಿಗೆ ಕಾದು, ಕೊನೆಗೆ ಕಿತ್ತಳೆ ಹಣ್ಣು ಸಾಗಿಸುವ ದೋಣಿಯೊಂದನ್ನು ಹತ್ತಿದ. ಬೊನಿಫೇಶಿಯೋ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ದೋಣಿ ನಿಂತಿತು. ಅಲ್ಲಿ ಹುಟ್ಟಿದ ಕವಿತೆ ಇದು. ಆತ ಇಟ್ಟ ಹೆಸರು 'ಮೇಘಸ್ತಂಭ' ಎಂಬ ಅರ್ಥದ್ದು; ಬೈಬಲ್ಲಿನಲ್ಲಿ ಈಜಿಪ್ಟಿನಿಂದ ಹೊರಟ ಜನರಿಗೆ ಹಗಲು ಮೋಡವಾಗಿ, ಇರುಳು ಬೆಂಕಿಯಾಗಿ ಮುಂದೆ ನಡೆದ ಕಂಬ. ಅಂದರೆ ಇದು ಎದುರು ಕೂತು ಧ್ಯಾನಿಸುವ ಬೆಳಕಲ್ಲ, ಹಿಂದೆ ನಡೆಯಬೇಕಾದ ಬೆಳಕು. ಬರೆದವನೋ, ಒಂದಡಿಯೂ ಕದಲದ ದೋಣಿಯಲ್ಲಿದ್ದಾನೆ.

ಬಿ.ಎಂ.ಶ್ರೀ ಇದನ್ನು 'ಪ್ರಾರ್ಥನೆ' ಎಂಬ ಹೆಸರಿನಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನಕ್ಕೆ ಸೇರಿಸಿದರು. ಸಂಕಲನದ 1926ರ ಮುದ್ರಣ ನವೋದಯದ ಬಾಗಿಲು ಎಂದು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಬಾಯಿಪಾಠವಾದ ಮಾತು ಬಿಡಿ, ಅವರು ಮಾಡಿದ ಕೆಲಸ ನೋಡಿ. ಇಂಗ್ಲಿಷ್ ಕವಿತೆ 'ನಡೆಸು' ಎಂಬ ಕ್ರಿಯಾಪದದಿಂದ ಶುರುವಾಗುತ್ತದೆ. ಬೆಳಕು ಆಗಲೇ ಎಲ್ಲೋ ಎದುರಿಗಿದೆ ಎಂಬ ಭರವಸೆ ಅಲ್ಲಿದೆ. ಕನ್ನಡ ಮೊದಲು 'ಬಾ' ಅನ್ನುತ್ತದೆ. ಮನೆಯೊಳಗಿಂದ ಹೊಸಿಲಾಚೆ ನಿಂತವರನ್ನು ಕರೆಯುವ ಪದ. ಆಮೇಲೆ, ಮೂಲದಲ್ಲಿ ಇಲ್ಲದ ಕೈಯೊಂದನ್ನು ಬೆಳಕಿಗೆ ಕೊಟ್ಟರು. ನ್ಯೂಮನ್ನನ ಬೆಳಕು ನಡೆಸುತ್ತದೆ, ಶ್ರೀಯವರದು ಕೈಹಿಡಿದು ನಡೆಸುತ್ತದೆ. ರಸ್ತೆ ದಾಟುವಾಗ ಅಪ್ಪನೋ ಅಜ್ಜಿಯೋ ಹಿಡಿದಂತೆ. ಕನ್ನಡದಲ್ಲಿ 'ಕೈಹಿಡಿ' ಎಂಬ ಮಾತಿಗೆ ಮದುವೆಯಿಂದ ಹಿಡಿದು ಕಷ್ಟಕಾಲದ ಸಾಲದವರೆಗೆ ಎಷ್ಟೊಂದು ಅರ್ಥವಿದೆ!

ಇನ್ನೊಂದು ಬದಲಾವಣೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೂಲದಲ್ಲಿ ರಾತ್ರಿ ಬರೀ ಕಪ್ಪು. ಕನ್ನಡದಲ್ಲಿ ಅದು ಗವಿ. ಗವಿ ಅಂದ ಕೂಡಲೆ ಕನ್ನಡದ ಕಿವಿಗೆ ಬೇರೆ ಏನೋ ಕೇಳಿಸುತ್ತದೆ. ಅಲ್ಲಮನ ಅಂಕಿತವೇ ಗುಹೇಶ್ವರ. ಕತ್ತಲೆ ಹೊರಗಿನಿಂದ ಮುತ್ತಿದ್ದು ಹೌದು, ಜೊತೆಗೆ ಅದು ಒಳಗೆ ಕೊರೆದದ್ದೂ ಹೌದು ಎಂಬ ಅನುಮಾನವನ್ನು ಆ ಎರಡಕ್ಷರ ತಂದಿಡುತ್ತದೆ. ಶ್ರೀಯವರು ವಚನವನ್ನು ನೆನೆದೇ ಬರೆದರು ಎಂದು ನಾನು ವಾದಿಸುವುದಿಲ್ಲ. ಭಾಷೆ ನೆನೆದುಕೊಂಡಿದೆ, ಅಷ್ಟು ಸಾಕು.

ಲಯದ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಹತ್ತು ಉಚ್ಚಾರದ ಸಾಲಿನ ಬೆನ್ನಿಗೆ ನಾಲ್ಕು ಉಚ್ಚಾರದ್ದು ಬರುತ್ತದೆ. ಉದ್ದಕ್ಕೆ ನಡೆದು, ಉಸಿರಿಗಾಗಿ ನಿಂತಂತೆ. ಶ್ರೀ ಆ ಉದ್ದ-ಗಿಡ್ಡವನ್ನು ಐದು ಮಾತ್ರೆಯ ಗಣಗಳಲ್ಲಿ ಉಳಿಸಿಕೊಂಡರು. ಐದು ಮಾತ್ರೆ ಸ್ವಲ್ಪ ಕುಂಟುತ್ತದೆ. ಸಮನಾದ ಹೆಜ್ಜೆಯಲ್ಲ, ಕತ್ತಲಲ್ಲಿ ತಡವುವವನ ಹೆಜ್ಜೆ. ದೂರದ ನೋಟ ಬೇಡ, ಮುಂದಿನ ಒಂದು ಹೆಜ್ಜೆ ಕಂಡರೆ ಸಾಕು ಎಂದು ಕೇಳುವ ಕವಿತೆಗೆ ಇದಕ್ಕಿಂತ ಸರಿಯಾದ ನಡಿಗೆ ಸಿಗುತ್ತಿರಲಿಲ್ಲ. ಎಳೆದೆಳೆದು ಹಾಡುವಾಗ ಕಳೆದುಹೋಗುವುದು ಇದೇ ಕುಂಟು. ಸಂಗೀತ ಅದನ್ನು ತೇಲಿಸಿಬಿಡುತ್ತದೆ. ಇಂಗ್ಲಿಷಿನಲ್ಲೂ ಇದರ ಕಥೆ ಹಾಗೇ. 1865ರಲ್ಲಿ ಜಾನ್ ಬ್ಯಾಕಸ್ ಡೈಕ್ಸ್ ಹಾಕಿದ ರಾಗದಿಂದ ಹಾಡು ಊರೂರಿಗೆ ಹಬ್ಬಿತು. ಜನ ಮೆಚ್ಚಿದ್ದು ರಾಗವನ್ನು, ತನ್ನ ಪದ್ಯವನ್ನಲ್ಲ ಎಂದು ಮುಪ್ಪಿನಲ್ಲಿ ನ್ಯೂಮನ್ನನೇ ಹೇಳಿದ್ದ.

ಇನ್ನು ಆ ಎರಡನೆಯ ಚರಣ. ಮೊದಲನೆಯದರಲ್ಲಿ ಕತ್ತಲಿದೆ, ಮನೆ ದೂರದಲ್ಲಿದೆ. ಮುಂಬಯಿಯಲ್ಲೋ ಪುಣೆಯಲ್ಲೋ ಕೂತ ನಮ್ಮಂಥವರಿಗೆ ಮನೆ ದೂರ ಎಂಬ ಮಾತು ಸಾಕು, ಗಂಟಲು ಕಟ್ಟುತ್ತದೆ. ಮೂರನೆಯದರಲ್ಲಿ ಕಾಡು, ಬೆಟ್ಟ, ಹೊಳೆ ದಾಟಿಸುವ ಭರವಸೆ, ಬೆಳಗಾಗುವಾಗ ನಗುವ ಮುಖ. ನಡುವಿನದನ್ನು ತೆಗೆದರೆ ಹಾಡು ಚಂದವಾಗಿ ಕೂಡಿಕೊಳ್ಳುತ್ತದೆ: ದುಃಖ, ಆಮೇಲೆ ಸಾಂತ್ವನ. ನಾನು ಪಾಪದವನು, ಹೇಗೋ ಕತ್ತಲಿಗೆ ಬಿದ್ದೆ, ಎತ್ತಿಕೋ.

ನಡುವಿನ ಚರಣ ಇದನ್ನು ಒಪ್ಪುವುದಿಲ್ಲ. ಮೊದಲು ನಾನು ಹೀಗಿರಲಿಲ್ಲ, ಕೈ ಹಿಡಿ ಎಂದು ಬೇಡುತ್ತಿರಲಿಲ್ಲ, ನನ್ನ ದಾರಿ ನಾನೇ ನೋಡಿಕೊಂಡೆ, ಹೊಳೆಯುವ ಬಣ್ಣಗಳಲ್ಲಿ ಬೆರೆತು ಮೆರೆದೆ ಎನ್ನುತ್ತದೆ. ಇಲ್ಲಿ ಶ್ರೀ ಬಳಸುವ ಪದ ಕೊಬ್ಬು. ಅಹಂಕಾರ, ಗರ್ವ ಯಾವುದೂ ಅಲ್ಲ. ನಮ್ಮ ಕಡೆ ಓಣಿಯಲ್ಲಿ ಬೈಯುವ ಪದ. ತಪ್ಪು ನಡೆದದ್ದು ಕತ್ತಲಲ್ಲಿ ಅಲ್ಲ, ಝಗಝಗ ಹಗಲಿನಲ್ಲಿ. ಮನೆ ದೂರವಾದದ್ದು ತಾನಾಗಿ ಅಲ್ಲ. ಟಿಕೆಟ್ಟು ತೆಗೆದದ್ದು ನಾವೇ. ಈ ಚರಣ ಇದ್ದರೆ ಮಾತ್ರ ಬೆಳಕಿನಲ್ಲಿ ಎರಡು ಬಗೆ ಇದೆ ಎಂಬುದು ಕಾಣುತ್ತದೆ: ಕಣ್ಣು ಕುಕ್ಕುವುದು ಒಂದು, ಕಾಲ ಬುಡದ ನೆಲ ತೋರಿಸುವುದು ಇನ್ನೊಂದು.

ಹಾಡಿದವರಲ್ಲಿ ಒಬ್ಬರನ್ನು ಲಿಫ್ಟಿನಲ್ಲಿ ಕೇಳಿದೆ. "ತೀರಿಕೊಂಡವರ ಫೋಟೋ ಮುಂದೆ ನಿಂತು ಕೊಬ್ಬಿನ ಮಾತು ಹೇಗ್ರೀ ಹಾಡೋದು?" ಅಂದರು. ನ್ಯಾಯವಾದ ಮಾತೇ. ಆದರೆ ಆ ಪ್ರಾರ್ಥನೆಯ 'ನಾನು' ಫೋಟೋದಲ್ಲಿರುವವರಲ್ಲ, ಹಾಡುತ್ತಿರುವ ನಾವು. ಇದನ್ನು ಹೇಳುವಷ್ಟರಲ್ಲಿ ಅವರ ಮಹಡಿ ಬಂದುಬಿಟ್ಟಿತ್ತು.

ನಮ್ಮ ಎದುರು ಮನೆಯಲ್ಲಿ ಗುಜರಾತಿ ಅಜ್ಜಿಯೊಬ್ಬರಿದ್ದಾರೆ. ಇಡೀ ವಿಂಗ್ ಅವರನ್ನು 'ಬಾ' ಎಂದೇ ಕರೆಯುತ್ತದೆ; ಗುಜರಾತಿಯಲ್ಲಿ ಬಾ ಎಂದರೆ ತಾಯಿ. ನಾನು ಗುನುಗುತ್ತಿದ್ದುದರ ಅರ್ಥ ಕೇಳಿ ತಿಳಿದು, "ಅರೇ, ಇದು ನಮ್ಮ ಪ್ರೇಮಲ ಜ್ಯೋತಿ" ಎಂದರು. ನರಸಿಂಹರಾವ್ ದಿವೇಟಿಯಾ ಮಾಡಿದ ಅನುವಾದ. ಗಾಂಧೀಜಿಗೆ ಮೂಲ ಹಾಡು ಎಷ್ಟು ಪ್ರಿಯವೆಂದರೆ, 1908ರ ಫೆಬ್ರವರಿಯಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ತಮ್ಮವರಿಂದಲೇ ಪೆಟ್ಟು ತಿಂದು ಪಾದ್ರಿ ಡೋಕ್ ಅವರ ಮನೆಯಲ್ಲಿ ಮಲಗಿದ್ದಾಗ, ಅವರ ಪುಟ್ಟ ಮಗಳು ಆಲಿವ್‌ಳಿಂದ ಅದನ್ನು ಹಾಡಿಸಿಕೊಂಡರು. ಗುಜರಾತಿಯಲ್ಲಿ ಬೆಳಕು 'ಜ್ಯೋತಿ' ಆಗಿದೆ, ಆರತಿ ತಟ್ಟೆಯ ಪದ. ಶ್ರೀ 'ಬೆಳಕು' ಎಂದು ಅಡುಗೆಮನೆಯ ಪದದಲ್ಲೇ ನಿಂತರು. ಇಲ್ಲಿ ನನ್ನ ಮತ ಶ್ರೀಯವರಿಗೆ.

ಆದರೆ ಬಾ ಟೀ ಸೋಸುತ್ತ ಎರಡನೆಯ ಚರಣ ಹೇಳಿ ಅರ್ಥ ಬಿಡಿಸಿದಾಗ ನಾನು ಸೋತೆ. ನ್ಯೂಮನ್ ಹೇಳುವುದು, ಭಯ ಇದ್ದಾಗಲೂ ಗರ್ವ ನನ್ನನ್ನು ಆಳಿತು ಎಂದು. ಗುಜರಾತಿ ಅದನ್ನು ಹಾಗೇ ಉಳಿಸಿಕೊಂಡಿದೆ: ಭಯವಿದ್ದರೂ. ಕನ್ನಡದಲ್ಲಿ ಭಯ ಮರೆತುಹೋಗಿದೆ. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಮರೆತವನಿಗೆ ಕ್ಷಮೆ ಸಲೀಸು. ಗೊತ್ತಿದ್ದೂ ಮಾಡಿದವನಿಗೆ ಅಷ್ಟು ಸಲೀಸಲ್ಲ. ಕಳೆದ ವರ್ಷ ಅಪ್ಪ ಶಿವಮೊಗ್ಗದಲ್ಲಿ ಆಸ್ಪತ್ರೆ ಸೇರಿದಾಗ ಅಮ್ಮ ಫೋನಿನಲ್ಲಿ, "ನಿನಗೆ ಕೆಲಸ ಇದ್ರೆ ಮುಗಿಸ್ಕಂಡೇ ಬಾರಪ್ಪ" ಅಂದಳು. ಆ ದನಿಯ ಅರ್ಥ ನನಗೆ ತಿಳಿಯಲಿಲ್ಲ ಎಂದರೆ ಸುಳ್ಳು. ಭಯವಾಗಿತ್ತು. ಆದರೂ ನಾಲ್ಕು ದಿನ ನಿಂತೆ, ರಿಲೀಸ್ ಮುಗಿಸಿದೆ, ಶಭಾಷ್ ಎಂದು ಮೇಲ್ ಬಂತು. ನಾನು ತಲುಪಿದಾಗ ಅಪ್ಪನಿಗೆ ಗುರುತು ಹತ್ತುತ್ತಿರಲಿಲ್ಲ. ನನಗೆ ಬೇಕಾದ ಪದ ಕನ್ನಡದಲ್ಲಿ ಸಿಗದೆ ಗುಜರಾತಿಯಲ್ಲಿ ಸಿಕ್ಕಿತು. ಶ್ರೀಯವರ ಮೇಲಿನ ನನ್ನ ಒಂದೇ ದೂರು ಇದು. ಅದನ್ನು ಅವರು ಮೂರನೆಯ ಚರಣದಲ್ಲಿ ತೀರಿಸುತ್ತಾರೆ: ಮೂಲದಲ್ಲಿ ಇಲ್ಲದ 'ಮೂರ್ಖ' ಎಂಬ ಪದವನ್ನು ತಂದು, ಇಷ್ಟು ದಿನ ಸಲಹಿದ್ದು ಇಂಥವನನ್ನು ಎಂದು ತೋರಿಸುತ್ತಾರೆ.

ಕೊನೆಯಲ್ಲಿ ಬರುವ ಮುಖಗಳು ಯಾರವು ಎಂದು ಯಾರೋ ಕೇಳಿದ್ದಕ್ಕೆ, ಇಷ್ಟು ವರ್ಷದ ಮೇಲೆ ಅದನ್ನು ನೆನಪಿಟ್ಟಿರಬೇಕಾಗಿಲ್ಲ ಎಂದು ನ್ಯೂಮನ್ ಜಾರಿಕೊಂಡ. ಆತನವು ದೇವದೂತರ ಮುಖಗಳು, ಬಹುವಚನ. ಕನ್ನಡದಲ್ಲಿ ರೆಕ್ಕೆ ಉದುರಿ ಬರೀ ದಿವ್ಯವಾಗಿದೆ, ಒಂದೇ ಮುಖವೆಂದೂ ಓದಬಹುದು. ನಾನು ಹಾಗೇ ಓದುತ್ತೇನೆ. ಶಿವರುದ್ರಪ್ಪನವರ ಹಣತೆಯ ಕವಿತೆ ನೆನಪಾಗುತ್ತದೆ. ಅವರು ಬೆಳಕನ್ನು ಕರೆಯುವುದಿಲ್ಲ, ತಾವೇ ಹಚ್ಚುತ್ತಾರೆ. ಕತ್ತಲೆಯನ್ನು ದಾಟಿಬಿಡುತ್ತೇನೆಂಬ ಭ್ರಮೆಯೂ ಅವರಿಗಿಲ್ಲ. ಎದುರಿನವರ ಮುಖ ಕಂಡರೆ ಸಾಕು. ನಂಬುವ ಕವಿಯೂ ಅನುಮಾನದ ಕವಿಯೂ ಕೊನೆಗೆ ಒಂದು ಮುಖದ ಎದುರೇ ಬಂದು ನಿಲ್ಲುತ್ತಾರೆ.

ಮೇಷ್ಟ್ರ ಭಾನುವಾರದ ತರಗತಿಯನ್ನು ಈಗ ನಾವು ಮೂವರು ಸರದಿಯಲ್ಲಿ ನಡೆಸುತ್ತಿದ್ದೇವೆ. ಮೊನ್ನೆ ನನ್ನ ಪಾಳಿ. ಶ್ರುತಿಯಿಲ್ಲ, ಮೇಣದಬತ್ತಿಯಿಲ್ಲ, ಟ್ಯೂಬ್‌ಲೈಟಿನ ಕೆಳಗೆ ಮೂರೂ ಚರಣಗಳನ್ನು ಬೋರ್ಡಿನ ಮೇಲೆ ಬರೆದು ಓದಿಸಿದೆ. ಎರಡನೆಯದರ ಹತ್ತಿರ ಒಬ್ಬ ಹುಡುಗ ಕೈ ಎತ್ತಿದ. "ಅಂಕಲ್, ಕೊಬ್ಬು ಅಂದ್ರೆ ಫ್ಯಾಟ್ ಅಲ್ವಾ?"