ಗೆಲುವಿನ ಗದ್ದಲವೂ ಕಥೆಗಾರನ ಕಿವಿಯೂ

ಒಂದೇ ವಾಕ್ಯವನ್ನು ಬೆನ್ನುಬೆನ್ನಿಗೇ ನಾಲ್ಕು ಸಲ ಕೂಗಿದವನನ್ನು ಯಾರೂ ಮಾತಿನ ಮಲ್ಲನೆಂದು ಹೊಗಳುವುದಿಲ್ಲ. ೧೯೫೧ರ ಅಕ್ಟೋಬರ್ ೩ರ ಮಧ್ಯಾಹ್ನ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಎಂಬ ಬೇಸ್‌ಬಾಲ್ ಮೈದಾನದಿಂದ ರಸ್ ಹಾಡ್ಜಸ್ ಎಂಬ ವೀಕ್ಷಕ ವಿವರಣೆಗಾರ ರೇಡಿಯೋದಲ್ಲಿ ಹಾಗೆ ಕೂಗಿದ. ಜೈಂಟ್ಸ್ ತಂಡ ಲೀಗಿನ ಪತಾಕೆಯನ್ನು ಗೆದ್ದಿತು ಎಂಬುದಿಷ್ಟೇ ಆ ವಾಕ್ಯದ ಅರ್ಥ. ರೇಡಿಯೋ ನಿಲಯದವರು ಅದನ್ನು ಕಾದಿಡಲಿಲ್ಲ. ಕೇಳುಗನೊಬ್ಬನ ಮನೆಯ ಟೇಪ್ ರೆಕಾರ್ಡರಿನಲ್ಲಿ ಅದು ಉಳಿದುಕೊಂಡಿತು. ಇಂದಿಗೂ ಅಮೆರಿಕನ್ನರು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳುತ್ತಾರೆ.

ನಮ್ಮ ಆಲಂಕಾರಿಕರ ಲೆಕ್ಕದಲ್ಲಿ ಇದು ಪುನರುಕ್ತಿದೋಷ. ಆದರೆ ಭಾಮಹ ಆ ದೋಷವನ್ನು ಹೇಳುವಾಗಲೇ ಅದಕ್ಕೊಂದು ವಿನಾಯಿತಿಯನ್ನೂ ಕೊಟ್ಟಿದ್ದಾನೆ. ಭಯ, ಶೋಕ, ಅಸೂಯೆ, ಹರ್ಷ, ವಿಸ್ಮಯ—ಇವುಗಳಲ್ಲಿ ಆಡಿದ ಮಾತನ್ನೇ ಮತ್ತೆ ಆಡಿದರೆ ಅದನ್ನು ಪುನರುಕ್ತಿಯೆಂದು ಎಣಿಸಬಾರದಂತೆ. ಹಾಡ್ಜಸ್‌ನ ಗಂಟಲು ಒಡೆದುಹೋಗುವುದನ್ನು ಕೇಳಿದಾಗ ನನಗೆ ಭಾಮಹನ ವಿವೇಕ ನೆನಪಿಗೆ ಬಂದಿತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆಯೂ ಹುಟ್ಟಿತು. ಗೆಲುವಿನ ಕ್ಷಣದಲ್ಲಿ ಕೂಗಿಗಿಂತ ಹೆಚ್ಚಿನದೇನೂ ಬಾಯಿಗೆ ಬಾರದೆಂದ ಮೇಲೆ, ಆ ಕ್ಷಣವನ್ನು ಕುರಿತು ಬರೆಯಹೊರಟ ಸಾಹಿತಿಗೆ ಉಳಿಯುವ ಕೆಲಸವೇನು?

ಮೊದಲು ನಡೆದದ್ದೇನೆಂಬುದನ್ನು ಹೇಳಬೇಕು. ನ್ಯೂಯಾರ್ಕ್ ನಗರದಲ್ಲಿಯೇ ಎರಡು ಬದ್ಧವೈರಿ ತಂಡಗಳು, ಜೈಂಟ್ಸ್ ಮತ್ತು ಬ್ರೂಕ್ಲಿನ್ನಿನ ಡಾಡ್ಜರ್ಸ್. ಆ ವರ್ಷದ ಆಗಸ್ಟ್ ನಡುವಿನಲ್ಲಿ ಜೈಂಟ್ಸ್ ೧೩ ಪಂದ್ಯಗಳಿಗೂ ಹೆಚ್ಚು ಹಿಂದೆ ಬಿದ್ದಿತ್ತು. ಕೊನೆಯ ೪೪ ಪಂದ್ಯಗಳಲ್ಲಿ ೩೭ನ್ನು ಗೆದ್ದು ಅದು ಡಾಡ್ಜರ್ಸ್‌ನ ಸಮಕ್ಕೆ ಬಂದು ನಿಂತಿತು. ಆದುದರಿಂದ ೩ ಪಂದ್ಯಗಳ ನಿರ್ಣಾಯಕ ಸರಣಿಯೊಂದನ್ನು ಆಡಿಸಬೇಕಾಯಿತು. ಅದರಲ್ಲಿಯೂ ಇಬ್ಬರೂ ಒಂದೊಂದನ್ನು ಗೆದ್ದರು. ಮೂರನೆಯ ಪಂದ್ಯದ ಒಂಬತ್ತನೆಯ, ಎಂದರೆ ಕಡೆಯ, ಸರದಿ ಬಂದಾಗ ಡಾಡ್ಜರ್ಸ್ ೪, ಜೈಂಟ್ಸ್ ೧. ಜೈಂಟ್ಸ್ ಒಂದು ಓಟ ಗಳಿಸಿತು. ಇಬ್ಬರು ಓಟಗಾರರು ಬೇಸುಗಳ ಮೇಲೆ ನಿಂತಿದ್ದರು. ಡಾಡ್ಜರ್ಸ್ ತನ್ನ ಪಿಚರನ್ನು ಬದಲಾಯಿಸಿ ರಾಲ್ಫ್ ಬ್ರಾಂಕಾನನ್ನು ಕರೆಯಿತು. ಅವನ ಎರಡನೆಯ ಎಸೆತವನ್ನೇ ಬಾಬಿ ಥಾಮ್ಸನ್ ಎಡಗಡೆಯ ಗೋಡೆಯಾಚೆಗೆ, ಪ್ರೇಕ್ಷಕರ ನಡುವಿಗೆ, ಹೊಡೆದ. ಕ್ರಿಕೆಟ್ಟಿನ ಸಿಕ್ಸರಿನಂತೆಯೇ ಇದು; ಆದರೆ ಇಲ್ಲಿ ಬೇಸಿನ ಮೇಲಿದ್ದವರೂ ಹೊಡೆದವನೊಡನೆ ಸುತ್ತು ಮುಗಿಸಿ ಮನೆ ಸೇರುತ್ತಾರೆ. ಹೀಗೆ ಒಂದೇ ಏಟಿಗೆ ೩ ಓಟ, ೫ಕ್ಕೆ ೪, ಆಟ ಮುಗಿಯಿತು. ಜೈಂಟ್ಸ್ ಆಟಗಾರರು ಥಾಮ್ಸನನನ್ನು ಮುತ್ತಿಕೊಂಡರು. ಜನ ಮೈದಾನಕ್ಕೆ ಹರಿದರು. ಅಂದು ಟಿಕೇಟು ಕೊಂಡು ಒಳಗೆ ಬಂದಿದ್ದವರು ೩೪,೩೨೦ ಮಂದಿ. ಎಷ್ಟೋ ಆಸನಗಳು ಖಾಲಿಯಿದ್ದವು. (ನಾನು ಅಂದು ಅಲ್ಲಿದ್ದೆ ಎಂದು ಆಮೇಲೆ ಹೇಳಿಕೊಂಡವರನ್ನೆಲ್ಲ ಕೂಡಿಸಲು ಎಷ್ಟು ಮೈದಾನಗಳು ಬೇಕಾಗುತ್ತಿದ್ದವೋ!)

ಮರುದಿನ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ರೆಡ್ ಸ್ಮಿತ್ ಎಂಬ ಕ್ರೀಡಾ ಅಂಕಣಕಾರ ಈ ಪಂದ್ಯವನ್ನು ಕುರಿತು ಬರೆದ. ಇದನ್ನು ಹೇಳುವ ಬಗೆಯೇ ಇಲ್ಲ, ಕಲ್ಪಿತ ಕಥೆಯ ಕಾಲ ಇಲ್ಲಿಗೆ ತೀರಿತು ಎಂಬ ಅರ್ಥದ ಮಾತಿನಿಂದ ಮೊದಲಾಗುವ ಲೇಖನ ಅದು. ಹೇಳಲಾಗದೆಂದು ಹೇಳಿ, ಅನಂತರ ಬಹು ಚೆನ್ನಾಗಿಯೇ ಹೇಳುತ್ತಾನೆ, ಪತ್ರಿಕೋದ್ಯೋಗಿಯ ಜಾಣತನ! ಅವನು ಮೊದಲು ಕಣ್ಣು ಹಾಯಿಸುವುದು ವಿಜಯಿಯ ಕಡೆಗಲ್ಲ, ಒಬ್ಬ ಕುಡುಕನ ಕಡೆಗೆ. ಗೆರೆಯನ್ನು ದಾಟಿ ಮೈದಾನಕ್ಕೆ ನುಗ್ಗಲು ಆ ಮನುಷ್ಯ ಹೆಣಗುತ್ತಾನೆ, ಕಾವಲಿನವರು ಹಿಂದಕ್ಕೆ ನೂಕುತ್ತಾರೆ. ಲೇಖನ ಮುಗಿಯುವುದು ಸೋತ ಬ್ರಾಂಕಾನ ಬೆನ್ನಿನ ಮೇಲೆ, ಆ ಬೆನ್ನಿನ ಮೇಲಿದ್ದ ೧೩ ಎಂಬ ಅಂಕಿಯ ಮೇಲೆ. ಗಡುವಿನ ಒತ್ತಡದಲ್ಲಿ ಬರೆದ ಈ ಕಿರು ಲೇಖನದಲ್ಲಿ ಗೆಲುವು ನಡುವೆಲ್ಲೋ ಇದೆ. ಎರಡು ಅಂಚುಗಳಲ್ಲಿ ಒಳಗೆ ಬರಲಾರದವನೊಬ್ಬ, ಹೊರಗೆ ಹೋಗುತ್ತಿರುವವನೊಬ್ಬ. ಇದು ಸಣ್ಣ ಸಾಧನೆಯಲ್ಲ.

ಆದರೂ ಕಥೆಯ ಕಾಲ ತೀರಿರಲಿಲ್ಲ. ೪೧ ವರ್ಷಗಳ ಮೇಲೆ, ೧೯೯೨ರಲ್ಲಿ, ಹಾರ್ಪರ್ಸ್ ಮಾಸಪತ್ರಿಕೆಯಲ್ಲಿ ಡಾನ್ ಡಿಲಿಲೋ ಎಂಬ ಕಾದಂಬರಿಕಾರನ ನೀಳ್ಗತೆಯೊಂದು ಅಚ್ಚಾಯಿತು. ‘ಗೋಡೆಯ ಬಳಿ ಪ್ಯಾಫ್ಕೊ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಆಂಡಿ ಪ್ಯಾಫ್ಕೊ ಡಾಡ್ಜರ್ಸ್ ತಂಡದ ಎಡಬದಿಯ ಕಾವಲುಗಾರ. ಚೆಂಡು ತನ್ನ ತಲೆಯ ಮೇಲೆ ಹಾರಿ ಹೋಗುವಾಗ ಗೋಡೆಗೆ ಆತುಕೊಂಡು ಮೇಲೆ ನೋಡಿದವನು. ನನ್ನ ಈ ಲೇಖನಕ್ಕೆ ನಿಜವಾದ ವಸ್ತು ಈ ಕೃತಿಯೇ.

ಡಿಲಿಲೋನ ಕಥೆಯಲ್ಲಿ ನಾಯಕನಿಲ್ಲ, ಜನಸ್ತೋಮವಿದೆ. ಹಾಡ್ಜಸ್ ನೋಯುವ ಗಂಟಲಿನಿಂದ ಮಾತಾಡುತ್ತಿದ್ದಾನೆ. ಗಾಯಕ ಫ್ರಾಂಕ್ ಸಿನಾತ್ರ, ಹಾಸ್ಯನಟ ಜಾಕಿ ಗ್ಲೀಸನ್, ಎಫ್.ಬಿ.ಐ. ಮುಖ್ಯಸ್ಥ ಎಡ್ಗರ್ ಹೂವರ್ ಒಂದೇ ಸಾಲಿನಲ್ಲಿ ಕುಳಿತಿದ್ದಾರೆ. ಟಿಕೇಟಿಲ್ಲದೆ ತಿರುಗುಗೇಟನ್ನು ಹಾರಿ ಬಂದ ಕಾಟರ್ ಮಾರ್ಟಿನ್ ಎಂಬ ನೀಗ್ರೋ ಹುಡುಗನಿದ್ದಾನೆ (ಇವನು ಕಲ್ಪನೆಯ ಕೂಸು). ಮೇಲಿನ ಅಂತಸ್ತುಗಳಿಂದ ಹರಿದ ಕಾಗದದ ಚೂರುಗಳು ಮಳೆಯಂತೆ ಬೀಳುತ್ತಿವೆ. ಕಣ್ಣು ಒಬ್ಬರಿಂದೊಬ್ಬರಿಗೆ ಜಾರುತ್ತ ಹೋಗುವ ಈ ಗದ್ಯವನ್ನು ಓದುವುದೆಂದರೆ ತೇರಿನ ದಿನ ರಥಬೀದಿಯಲ್ಲಿ ಜನರ ನೂಕಿಗೆ ಸಿಕ್ಕು ನಡೆದಂತೆ; ನಿಮ್ಮ ಕಾಲು ನಿಮ್ಮದಲ್ಲ. ಗುಂಪನ್ನು ಹೀಗೆ ಬರೆಯಬಲ್ಲವರು ವಿರಳ.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ೧೯೫೧ರ ಅಕ್ಟೋಬರ್ ೪ರ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿ ಎರಡು ಸುದ್ದಿಗಳು ಸರಿಸಮನಾಗಿ ನಿಂತಿದ್ದವು. ಒಂದು ಜೈಂಟ್ಸ್ ಗೆದ್ದದ್ದು. ಇನ್ನೊಂದು ಸೋವಿಯತ್ ರಷ್ಯ ಮತ್ತೊಂದು ಅಣುಬಾಂಬನ್ನು ಸಿಡಿಸಿದ್ದು. ಹಳೆಯ ಪತ್ರಿಕೆಯ ಈ ಪುಟವನ್ನು ಕಂಡದ್ದೇ ಡಿಲಿಲೋನ ಕಥೆಗೆ ಬೀಜ. ಆದುದರಿಂದ ಕಥೆಯಲ್ಲಿ ಪಂದ್ಯದ ನಡುವೆಯೇ ಹೂವರನ ಕಿವಿಗೆ ಬಾಂಬಿನ ಸುದ್ದಿ ಬೀಳುತ್ತದೆ. ಗೆಲುವಿನ ಕಾಗದದ ಮಳೆಯಲ್ಲಿ ‘ಲೈಫ್’ ಪತ್ರಿಕೆಯ ಹಾಳೆಯೊಂದು ತೇಲಿಬಂದು ಅವನ ಮೇಲೆ ಬೀಳುತ್ತದೆ. ನೋಡಿದರೆ ಬ್ರೂಗೆಲ್‌ನ ‘ಮೃತ್ಯುವಿನ ವಿಜಯ’ ಎಂಬ ಚಿತ್ರ! ಅಸ್ಥಿಪಂಜರಗಳ ಸೈನ್ಯ ಮನುಷ್ಯರನ್ನು ಕೊಚ್ಚುತ್ತಿರುವ ಚಿತ್ರ. ಅತ್ತ ಜನರು ಕುಣಿಯುತ್ತಿದ್ದಾರೆ, ಇತ್ತ ಹೂವರ್ ಹೆಣಗಳನ್ನು ದಿಟ್ಟಿಸುತ್ತಿದ್ದಾನೆ.

ಮೊದಲ ಸಲ ಓದಿದಾಗ ಈ ಭಾಗ ನನ್ನನ್ನು ಸೆರೆಹಿಡಿದಿತ್ತೆಂದು ಒಪ್ಪಿಕೊಳ್ಳಬೇಕು. ಗುಂಪಿನ ಸಂತೋಷವನ್ನು ಕಂಡರೆ ನನಗೂ ಅಂಜಿಕೆಯೇ. ಹುಚ್ಚೆದ್ದು ಕೂಗುವ ಬಾಯಿ ನಾಳೆ ಯಾರ ರಕ್ತಕ್ಕಾಗಿ ಕೂಗೀತೋ ಎಂಬ ಸಂಶಯ ಓದುಬರಹದವರಿಗೆಲ್ಲ ಅಂಟಿದ ರೋಗ. ಆದರೆ ಹಾಡ್ಜಸ್‌ನ ಧ್ವನಿಮುದ್ರಿಕೆಯನ್ನು ಕೇಳಿ ಬಂದು ಎರಡನೆಯ ಸಲ ಓದಿದಾಗ, ಈ ಚಿತ್ರದ ಹಾಳೆ ಮೇಲಿನಿಂದ ತಾನಾಗಿ ಬಿದ್ದದ್ದಲ್ಲ, ಲೇಖಕನೇ ಏಣಿ ಹತ್ತಿ ಬೀಳಿಸಿದ್ದು ಎನಿಸಿತು. ಸಂತೋಷ ಸಂತೋಷವಾಗಿಯೇ ಇದ್ದರೆ ಸಾಹಿತ್ಯಕ್ಕೆ ತೂಕ ಸಾಲದೆಂದು ಅವನಿಗೆ ಭಯವೇ? ಹೂವರನ ಕಣ್ಣು ಸಂಶಯದ ಕಣ್ಣು, ವೃತ್ತಿಯಿಂದಲೇ ಹಾಗೆ. ಅದನ್ನು ಕಥೆಯ ಕಣ್ಣಾಗಿ ಮಾಡಿಕೊಂಡರೆ ೩೪,೩೨೦ ಜನರೂ ಏನೂ ಅರಿಯದ ಮುಗ್ಧರಾಗಿಬಿಡುತ್ತಾರೆ. ಅವರು ಮುಗ್ಧರಲ್ಲ. ಮಹಾಯುದ್ಧ ಮುಗಿದು ಆರೇ ವರ್ಷವಾಗಿದ್ದಿತು. ಕೊರಿಯಾದಲ್ಲಿ ಇನ್ನೊಂದು ನಡೆಯುತ್ತಿದ್ದಿತು. ಸಾವನ್ನು ಅವರಿಗೆ ಬ್ರೂಗೆಲ್ ತೋರಿಸಿಕೊಡಬೇಕಾಗಿರಲಿಲ್ಲ.

ಡಿಲಿಲೋನ ನಿಜವಾದ ಕಾಣ್ಕೆ ಇರುವುದು ಬೇರೆಡೆಯಲ್ಲಿ, ಆ ಹುಡುಗ ಕಾಟರನ ಬಳಿಯಲ್ಲಿ. ಪಂದ್ಯದುದ್ದಕ್ಕೂ ಪಕ್ಕದ ಆಸನದ ಬಿಲ್ ಎಂಬ ಬಿಳಿಯ ಗೃಹಸ್ಥ ಅವನೊಡನೆ ಸ್ನೇಹದಿಂದ ಮಾತಾಡುತ್ತಾನೆ. ಇಬ್ಬರೂ ಜೈಂಟ್ಸ್ ಪಕ್ಷ. ಇಬ್ಬರಿಗೂ ಒಂದೇ ಹತಾಶೆ, ಒಂದೇ ಆಸೆ. ಬಣ್ಣ, ವಯಸ್ಸು, ಹಣ ಎಲ್ಲ ಮರೆತುಹೋಗುತ್ತದೆ. ಚೆಂಡು ಬಂದು ಬೀಳುತ್ತದೆ; ಕಾಲುಗಳ ನಡುವಿನ ಸೆಣಸಾಟದಲ್ಲಿ ಅದು ಕಾಟರನ ಕೈಗೆ ಸಿಗುತ್ತದೆ. ಹೊರಗೆ ಬೀದಿಗೆ ಬರುವಷ್ಟರಲ್ಲಿ ಅದೇ ಬಿಲ್ ಆ ಚೆಂಡಿಗಾಗಿ ಅವನ ಬೆನ್ನು ಹತ್ತಿದ್ದಾನೆ. ಮೊದಲು ಸವಿಮಾತು, ಆಮೇಲೆ ಬೆದರಿಕೆ, ಆಮೇಲೆ ಅಟ್ಟಾಟ. ಇಲ್ಲಿ ಬಾಂಬೂ ಇಲ್ಲ, ಬ್ರೂಗೆಲನೂ ಇಲ್ಲ. ಗೆಲುವಿಗೆ ಕಾಯುವಾಗ ಒಂದಾಗಿದ್ದವರು ಗೆಲುವು ಬಂದೊಡನೆ ಎರಡಾದರು.

ರಸವನ್ನು ಕುರಿತು ಭಟ್ಟನಾಯಕ ಹೇಳಿದ ಸಾಧಾರಣೀಕರಣದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ತೀ.ನಂ.ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಅದು ಹೊಸದಲ್ಲ: ರಂಗದ ಮೇಲಿನ ಭಾವ ನನ್ನದೂ ಅಲ್ಲ, ನಿನ್ನದೂ ಅಲ್ಲ, ಎಲ್ಲರದೂ ಎಂಬಂತಾದಾಗ ಮಾತ್ರ ಆಸ್ವಾದ. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನು ಅಭಿನವಗುಪ್ತ ರಸಕ್ಕೆ ಒಂದು ವಿಘ್ನವೆಂದೇ ಎಣಿಸಿದ್ದಾನೆ. ಆಟ ನಾಟಕವಲ್ಲ, ಅಭಿಮಾನಿ ಪ್ರೇಕ್ಷಕನಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪಿದೆ. ಆದರೂ ಕಾಟರ್ ಮತ್ತು ಬಿಲ್ ಕಾಯುತ್ತಿದ್ದ ಆ ಎರಡು ಗಂಟೆಯ ಭಾವಕ್ಕೆ ಬೇರೆ ಹೆಸರು ನನಗೆ ತಿಳಿಯದು. ಚೆಂಡು ಕೈಗೆ ಬಂದ ಕ್ಷಣದಲ್ಲಿ ಅದು ‘ನನ್ನದು’ ಆಯಿತು, ವಿಘ್ನ ಬಂದಿತು.

ಕಥೆಗಾರನ ಈ ಊಹೆಗೆ ಸಾಕ್ಷಿ ಬೇಕಾದರೆ ಅದೇ ನಗರದ ಇನ್ನೊಂದು ಮೈದಾನದಲ್ಲಿ, ಯಾಂಕೀ ಸ್ಟೇಡಿಯಮ್ಮಿನಲ್ಲಿ, ೧೯೭೬ರ ಅಕ್ಟೋಬರ್ ೧೪ರ ರಾತ್ರಿ ನಡೆದುದನ್ನು ನೋಡಬೇಕು. ಅಲ್ಲಿಯೂ ನಿರ್ಣಾಯಕ ಪಂದ್ಯ, ಒಂಬತ್ತನೆಯ ಸರದಿ, ಕ್ಯಾನ್ಸಸ್ ಸಿಟಿಯ ವಿರುದ್ಧ ೬ಕ್ಕೆ ೬. ಕ್ರಿಸ್ ಚಾಂಬ್ಲಿಸ್ ಮೊದಲ ಎಸೆತವನ್ನೇ ಗೋಡೆಯಾಚೆ ಹೊಡೆದ. ಯಾಂಕೀಸ್‌ಗೆ ೧೨ ವರ್ಷಗಳ ಮೇಲೆ ಸಿಕ್ಕ ಪತಾಕೆ. ರೆಡ್ ಸ್ಮಿತ್‌ನ ಕುಡುಕನನ್ನು ತಡೆದಿದ್ದ ಕಾವಲು ಇಲ್ಲಿ ಕೊಚ್ಚಿಹೋಯಿತು. ಸಾವಿರಾರು ಜನ ಒಳಗೆ ನುಗ್ಗಿದರು. ಚಾಂಬ್ಲಿಸ್ ಜನರ ನಡುವೆ ಎಡವಿ ಬಿದ್ದು, ಎದ್ದು, ಅಡ್ಡ ಬಂದವರನ್ನು ನೂಕಿಕೊಂಡು ಓಡಿದ; ‘ಮನೆ’ ಎಂದು ಕರೆಯುವ ಕಡೆಯ ಗುರುತನ್ನು ಮುಟ್ಟಲಾಗದೆ ಒಳಗೆ ಹೋದ. ಆಮೇಲೆ ಪೋಲೀಸರು ಅವನನ್ನು ಮತ್ತೆ ಕರೆತಂದರು, ಓಟ ಸಂದೇಹಕ್ಕೆಡೆಯಿಲ್ಲದೆ ಪೂರ್ತಿಯಾಗಲೆಂದು. ಬಂದು ನೋಡಿದರೆ ಆ ಫಲಕವನ್ನೇ ಯಾರೋ ಕಿತ್ತುಕೊಂಡು ಹೋಗಿದ್ದರು! ಅದಿದ್ದ ಜಾಗದಲ್ಲಿ ಕಾಲಿಟ್ಟು ಹೋದ. ಅಭಿಮಾನಿಗಳ ಪ್ರೀತಿ ತಮ್ಮ ವೀರನಿಗೆ ಮನೆ ಸೇರುವ ದಾರಿಯನ್ನೇ ಇಲ್ಲವಾಗಿಸಿತ್ತು.

ಹಾಗಾದರೆ ಗೆದ್ದವರ ಸಂಭ್ರಮದಲ್ಲಿ ‘ನನ್ನದು’ ಎಂಬುದನ್ನು ಮೀರಿದ್ದು ಏನೂ ಇಲ್ಲವೇ? ಇದೆಯೆಂದು ನಾನು ತಿಳಿದಿದ್ದೇನೆ. ಆದರೆ ಅದನ್ನು ಕಾಣಲು ಸೋತವರ ಕಡೆ ನೋಡಬೇಕು. ೧೯೫೧ರ ಆ ಕ್ಷಣದಲ್ಲಿ ಡಾಡ್ಜರ್ಸ್ ಆಟಗಾರರು ತಲೆ ತಗ್ಗಿಸಿ ಒಳಗೆ ನಡೆದರು. ಒಬ್ಬ ಮಾತ್ರ ಹೋಗಲಿಲ್ಲ. ಎರಡನೆಯ ಬೇಸಿನ ಕಾವಲಿನ ಜಾಕಿ ರಾಬಿನ್ಸನ್, ೧೯೪೭ರಲ್ಲಿ ವರ್ಣದ ಗೋಡೆಯನ್ನು ದಾಟಿ ದೊಡ್ಡ ಲೀಗಿಗೆ ಬಂದ ಕಪ್ಪು ಆಟಗಾರ, ನಿಂತು ಥಾಮ್ಸನ್‌ನ ಕಾಲುಗಳನ್ನೇ ನೋಡುತ್ತಿದ್ದ. ಒಂದು ಬೇಸನ್ನು ಮುಟ್ಟದೆ ಬಿಟ್ಟರೂ ಆ ಓಟ ಲೆಕ್ಕಕ್ಕಿಲ್ಲ. ಗದ್ದಲದಲ್ಲಿ ಆಟ ಇನ್ನೂ ಮುಗಿದಿಲ್ಲವೆಂದು ನೆನಪಿಟ್ಟುಕೊಂಡ ಕಣ್ಣು ಅದು. ಅವನು ನೋಡಿದ, ಥಾಮ್ಸನ್ ನಾಲ್ಕನ್ನೂ ಮುಟ್ಟಿದ, ಆಗ ರಾಬಿನ್ಸನ್ ನಡೆದುಹೋದ. ಥಾಮ್ಸನ್‌ನ ಗೆಲುವಿಗೆ ರುಜು ಹಾಕಿದವನು ಹಾಡ್ಜಸ್ ಅಲ್ಲ, ಇವನು. ಬಾಂಬನ್ನೂ ಚೆಂಡನ್ನೂ ಆಧಾರವಾಗಿಟ್ಟುಕೊಂಡ ಡಿಲಿಲೋ ಈ ನೋಟದ ಮೇಲೆಯೇ ಇಡೀ ಕಥೆಯನ್ನು ನಿಲ್ಲಿಸಬಹುದಾಗಿತ್ತು ಎಂದು ಆಸೆಪಡುವುದು ವಿಮರ್ಶಕನ ದುರಾಸೆಯಿರಬಹುದು.

ಇಲ್ಲಿಗೆ ನಿಲ್ಲಿಸುವಂತಿದ್ದರೆ ಚೆನ್ನಾಗಿತ್ತು. ಆದರೆ ೨೦೦೧ರಲ್ಲಿ ಜೋಶುವಾ ಪ್ರೇಗರ್ ಎಂಬ ಪತ್ರಕರ್ತ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಒಂದು ಹಳೆಯ ಗುಟ್ಟನ್ನು ಬಯಲಿಗೆಳೆದ. ಪಿಚರ್ ಯಾವ ಬಗೆಯ ಎಸೆತ ಹಾಕಬೇಕೆಂದು ಕ್ಯಾಚರ್ ಬೆರಳಿನಿಂದ ಸನ್ನೆ ಮಾಡುತ್ತಾನಷ್ಟೆ. ಜೈಂಟ್ಸ್‌ನವರು ಆ ವರ್ಷ ಮೈದಾನದ ತುದಿಯ ತಮ್ಮ ಕೊಠಡಿಯಲ್ಲಿ ದೂರದರ್ಶಕವಿಟ್ಟು ಆ ಸನ್ನೆಗಳನ್ನು ಕದ್ದು, ಕರೆಗಂಟೆಯ ತಂತಿಯ ಮೂಲಕ ಸಾಗಿಸುತ್ತಿದ್ದರು. ಆ ಒಂದು ಎಸೆತಕ್ಕೆ ಸನ್ನೆ ತನಗೆ ಸಿಕ್ಕಿರಲಿಲ್ಲವೆಂದು ಥಾಮ್ಸನ್ ಹೇಳಿದ. ಬ್ರಾಂಕಾನಿಗೆ ಈ ಸಂಗತಿ ಪಂದ್ಯವಾದ ಕೆಲವೇ ವರ್ಷಗಳಲ್ಲಿ ತಿಳಿದಿತ್ತು. ದಶಕಗಳ ಕಾಲ ಅವನು ಬಾಯಿಬಿಡಲಿಲ್ಲ. ಥಾಮ್ಸನನೊಡನೆ ಸ್ನೇಹದಿಂದಿದ್ದ, ಆ ಏಟಿನ ಛಾಯಾಚಿತ್ರಗಳಿಗೆ ಇಬ್ಬರೂ ಜೊತೆಯಲ್ಲಿ ಕುಳಿತು ಸಹಿ ಹಾಕುತ್ತಿದ್ದರು.

ಅನೌಚಿತ್ಯ ಹೊಕ್ಕಲ್ಲಿ ರಸವಿಲ್ಲ, ರಸಾಭಾಸವಷ್ಟೇ, ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಕಂಡಂತೆ ಎನ್ನುತ್ತಾರೆ ನಮ್ಮವರು. ಅಂದಿನ ಸಂತೋಷವೂ ಹಾಗೆಯೇ? ಮೇಲಿನ ಅಂತಸ್ತಿನಲ್ಲಿ ಕಾಗದ ಹರಿದು ಎಸೆದವನ ಕೈಯಲ್ಲಿ ದೂರದರ್ಶಕವಿರಲಿಲ್ಲ. ಅವನ ಮಟ್ಟಿಗೆ ಅದು ಬೆಳ್ಳಿಯೇ ಎಂದು ನಾನು ವಾದಿಸುತ್ತ ಬಂದಿದ್ದೇನೆ. ಆದರೆ ಬ್ರಾಂಕಾನ ಮುಖ ಎದುರಿಗೆ ಬಂದಾಗ ಈ ವಾದ ಕುಂಟುತ್ತದೆ. ಆ ಸಂತೋಷದ ಬೆಲೆಯನ್ನು ತೆತ್ತವನು ಅವನೊಬ್ಬನೇ. ಅದನ್ನು ಕ್ಷಮಿಸುವ ಅಧಿಕಾರವೂ ಅವನದು, ನನ್ನದಲ್ಲ.

ಡಿಲಿಲೋನ ಕೃತಿಗೆ ಕಾಲಕಾಲಕ್ಕೆ ಬಂದ ಹೆಸರುಗಳನ್ನು ನೋಡಿ. ೧೯೯೨ರಲ್ಲಿ ಅದು ಪ್ಯಾಫ್ಕೊನ ಹೆಸರಿನಲ್ಲಿ ಹುಟ್ಟಿತು. ೧೯೯೭ರಲ್ಲಿ ‘ಅಂಡರ್‌ವರ್ಲ್ಡ್’ ಎಂಬ ಬೃಹತ್ಕಾದಂಬರಿಯ ಮೊದಲ ಭಾಗವಾಗಿ ಸೇರಿದಾಗ ಬ್ರೂಗೆಲ್‌ನ ಚಿತ್ರದ ಹೆಸರನ್ನು ತೊಟ್ಟಿತು, ‘ಮೃತ್ಯುವಿನ ವಿಜಯ’. ೨೦೦೧ರಲ್ಲಿ, ದೂರದರ್ಶಕದ ಸುದ್ದಿ ಹೊರಬಿದ್ದ ಆ ವರ್ಷವೇ, ಬಿಡಿ ಪುಸ್ತಕವಾಗಿ ಬಂದಾಗ ಮತ್ತೆ ಪ್ಯಾಫ್ಕೊನ ಹೆಸರಿಗೆ ಮರಳಿತು. ಓದಲು ಹೊರಟವರು ಆ ಬಿಡಿ ಪುಸ್ತಕವನ್ನೇ ಹಿಡಿಯಲಿ. ಅದರ ಕಡೆಯ ಪುಟಗಳನ್ನು ಬಿಡದೆ ಓದಲಿ. ಖಾಲಿಯಾಗುತ್ತಿರುವ ಮೈದಾನದಲ್ಲಿ ಒಬ್ಬ ಕುಡುಕ ಬೇಸುಗಳನ್ನು ಸುತ್ತುತ್ತ ಓಡಿ, ಎರಡನೆಯ ಬೇಸಿಗೆ ಮೈಚಾಚಿ ಹಾರುತ್ತಾನೆ. ರೆಡ್ ಸ್ಮಿತ್ ತನ್ನ ಲೇಖನದ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದ ಮನುಷ್ಯನನ್ನು ಡಿಲಿಲೋ ೪೧ ವರ್ಷಗಳ ಮೇಲೆ ಒಳಕ್ಕೆ ಬಿಟ್ಟಿದ್ದಾನೆ.