ಬಂದ ಚೀಟಿ ಮತ್ತ ಡಬ್ಬ್ಯಾಗ ಯಾಕ?

ಕೆರೂರಿನ ನಮ್ಮ ಓಣಿಯಲ್ಲಿ ಅವ್ವ ಒಂದು ಭಿಶಿ ನಡೆಸುತ್ತಾಳೆ. ಇಪ್ಪತ್ತು ಹೆಣ್ಣುಮಕ್ಕಳು, ತಿಂಗಳಿಗೆ ತಲಾ ಸಾವಿರ. ಹೆಸರಿನ ಚೀಟಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಸಣ್ಣ ಹುಡುಗನ ಕೈಲೆ ಒಂದು ಎತ್ತಿಸುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಇಪ್ಪತ್ತು ಸಾವಿರ. ಮಗಳ ಫೀಸು, ಮಗ್ಗದ ರಿಪೇರಿ, ಎಲ್ಲ ಆ ಚೀಟಿಯನ್ನೇ ಕಾಯುತ್ತಿರುತ್ತವೆ.

ಗಣೇಶ ಹಬ್ಬಕ್ಕೆ ಊರಿಗೆ ಹೋದ ನಾನು ಸುಮ್ಮನಿರಬೇಕಲ್ಲ! ಹೊಸ ಭಿಶಿಗೆ ಆ್ಯಪ್ ಮಾಡಿಕೊಟ್ಟೆ. ಜಾವಾಸ್ಕ್ರಿಪ್ಟ್ ಪಾಠಗಳಲ್ಲಿ ಪದೇ ಪದೇ ಕಾಣುವ ಉಪಾಯವೇ: ಮ್ಯಾಥ್.ರ‍್ಯಾಂಡಮ್‌ನಿಂದ 1ರಿಂದ 20ರೊಳಗೆ ಒಂದು ಸಂಖ್ಯೆ ತೆಗೆ. ಅದು ಮೊದಲೇ ಬಂದಿದ್ದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆಯಲಿ. ರಿಕರ್ಶನ್! ಐದಾರು ಸಾಲು, ನೋಡೋಕೆ ಚೆಂದ.

ನಾಲ್ಕು ತಿಂಗಳು ಸರಿಯಾಗಿ ನಡೀತು. ಬನಶಂಕರಿ ಜಾತ್ರೆಗೆ ಹೋದಾಗ ಐದನೇ ಸಲ ಬಟನ್ ಒತ್ತಿದೆ. ಪರದೆಯ ಮೇಲೆ ಬಂದ ಹೆಸರು 'ಅನ್‌ಡಿಫೈನ್ಡ್'. ಆ ಹೆಸರಿನವರು ನಮ್ಮ ಭಿಶಿಯಲ್ಲಿ ಯಾರೂ ಇಲ್ಲ! ಒಳಗಿನ ಕರೆಯ ಮುಂದೆ 'ರಿಟರ್ನ್' ಬರೆಯೋದನ್ನು ಮರೆತಿದ್ದೆ. ಒಳಗಿನ ಕರೆ ಸರಿಯಾದ ಸಂಖ್ಯೆಯನ್ನೇ ಹುಡುಕಿತ್ತು, ಅದು ಹೊರಗೆ ಬರಲಿಲ್ಲ ಅಷ್ಟೇ. ಮೊದಲ ನಾಲ್ಕು ಸಲ ಯಾವ ಸಂಖ್ಯೆಯೂ ಮರಳಿ ಬರದ ಕಾರಣ ತಪ್ಪು ಅಡಗಿತ್ತು.

ಮತ್ತೆ ಒತ್ತಿದೆ, ಹೆಸರು ಬಂತು. ಒಬ್ಬರು ಕೇಳಿಯೇಬಿಟ್ಟರು: "ಮೊದ್ಲ ಸಲ ಯಾರದರ ಹೆಸರ ಬಂದಿತ್ತೇನು? ಅಳಿಸಿಬಿಟ್ಟ್ಯೋ?"

ರಾತ್ರಿ ಅವ್ವನಿಗೆ ಕೋಡ್ ವಿವರಿಸಿದೆ. ಕೇಳಿ ಅಂದಳು: "ಅಲ್ಲೋ ತಮ್ಮಾ, ಬಂದ ಚೀಟಿ ಮತ್ತ ಡಬ್ಬ್ಯಾಗ ಯಾಕ ಹಾಕ್ತಿ?"

ಈ ಉಪಾಯದ ಬಗ್ಗೆ ನನ್ನ ತಕರಾರೂ ಇದೇ. ಅದು ಮೋಸವಲ್ಲ, ಉಳಿದವರಿಗೆಲ್ಲ ಸಮಾನ ಅವಕಾಶವಿದೆ. ಆದರೆ ರಿಕರ್ಶನ್ ಅಂದರೆ ಪ್ರತಿ ಕರೆಗೂ ಸಮಸ್ಯೆ ಸಣ್ಣದಾಗಬೇಕು. ಇಲ್ಲಿ ಡಬ್ಬಿ ತುಂಬಿಕೊಂಡೇ ಇರುತ್ತದೆ. ಕೊನೆಯ ತಿಂಗಳು ಒಂದೇ ಹೆಸರಿಗಾಗಿ ಸರಾಸರಿ 20 ಸಲ ಕೈ ಹಾಕಬೇಕು. ಇಡೀ ಭಿಶಿಗೆ ಸುಮಾರು 72 ಸಲ. ಅವ್ವನ ಡಬ್ಬಿಗೆ 20 ಸಾಕು. 72 ಕಂಪ್ಯೂಟರಿಗೆ ಏನೂ ಅಲ್ಲ, ಒಪ್ಪಿದೆ. ಆದರೆ ಎಲ್ಲರ ಹೆಸರೂ ಮುಗಿದ ಮೇಲೆ ಯಾರಾದರೂ ಬಟನ್ ಒತ್ತಿದರೆ? ಹೊಸ ಸಂಖ್ಯೆ ಇಲ್ಲವೇ ಇಲ್ಲ. ಕರೆಯ ಮೇಲೆ ಕರೆ ಪೇರಿಸಿಕೊಂಡು, ಸ್ಟ್ಯಾಕ್ ತುಂಬಿ, ಪ್ರೋಗ್ರಾಮ್ ಬೀಳುತ್ತದೆ. ಕೊನೆಯ ಸಾಲಿನ ಇಂಥ ಕರೆಗಳು ಪೇರಿಸಿಕೊಳ್ಳಬಾರದೆಂದು 2015ರ ಇಎಸ್6 ನಿಯಮ ಹೇಳಿದರೂ ಕ್ರೋಮ್ ಅದನ್ನು ಪಾಲಿಸುವುದಿಲ್ಲ.

ಅವ್ವನ ಪದ್ಧತಿಗೆ ಪುಸ್ತಕದ ಹೆಸರೂ ಇದೆ: ಫಿಶರ್-ಯೇಟ್ಸ್, 1938. ಬಂದದ್ದನ್ನು ಪಕ್ಕಕ್ಕಿಟ್ಟು ಉಳಿದವುಗಳಿಂದ ಮಾತ್ರ ಆರಿಸು. 1964ರಲ್ಲಿ ಡರ್ಸ್ಟನ್‌ಫೆಲ್ಡ್ ಅದನ್ನು ಕಂಪ್ಯೂಟರಿಗೆ ಹೊಂದಿಸಿದ. ದುಡ್ಡಿನ ವಿಷಯವಾದರೆ ಇನ್ನೊಂದು ಮಾತು. ಮ್ಯಾಥ್.ರ‍್ಯಾಂಡಮ್‌ನ ಪ್ರತಿ ಸಂಖ್ಯೆಯೂ ಹಿಂದಿನ ಸ್ಥಿತಿಯಿಂದಲೇ ಹುಟ್ಟುತ್ತದೆ, ಹಾಗಾಗಿ ಮುಂದಿನದನ್ನು ಊಹಿಸಲು ಸಾಧ್ಯ. ಅಲ್ಲಿ ಕ್ರಿಪ್ಟೊ.ಗೆಟ್‌ರ‍್ಯಾಂಡಮ್‌ವ್ಯಾಲ್ಯೂಸ್ ಬಳಸಿ.

ನಾನೂ ಎಲ್ಲ ಸರಿಪಡಿಸಿದೆ. ಆದರೂ ಮುಂದಿನ ತಿಂಗಳು ಡಬ್ಬಿಯೇ ಹೊರಗೆ ಬಂತು. ಡಬ್ಬಿ ಬೋರಲು ಹಾಕಿದರೆ ಉಳಿದ ಚೀಟಿಗಳನ್ನು ಎಲ್ಲರೂ ಎಣಿಸಬಹುದು. ನನ್ನ ಐದಾರು ಸಾಲಿನಲ್ಲಿ ಆ ಸೌಲಭ್ಯ ಇರಲಿಲ್ಲ.